ಬಲಗಡೆಯ ಕೊಡ

ಹಗರಿಬೊಮ್ಮನಹಳ್ಳಿಯಲ್ಲಿ ರೈಲು ಇಳಿದು, ಶಾಮಿಯಾನದ ಗುರುಸಂಗಪ್ಪನ ಅಂಗಡಿ ಎಲ್ಲಿ ಎಂದು ಯಾರನ್ನಾದರೂ ಕೇಳಿ, ಕೈ ಹಿಡಿದು ಕರೆದುಕೊಂಡು ಹೋಗಿ ಬಿಡುತ್ತಾರೆ. ಐವತ್ತಾರು ವರ್ಷದ ಮನುಷ್ಯ. ಗಿಡ್ಡ ಆಳು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಮಾತು. ಮೂವತ್ತು ವರ್ಷದಿಂದ ಈ ಸೀಮೆಯ ಮದುವೆಗಳ ನೆತ್ತಿಯ ಮೇಲೆ ಬಟ್ಟೆ ಕಟ್ಟಿದವನು ಅವನು. ಕೂಡ್ಲಿಗಿಯಿರಲಿ, ಕೊಟ್ಟೂರಿರಲಿ, ಹಡಗಲಿ, ಹರಪನಹಳ್ಳಿ ಇರಲಿ, ನಾಲ್ಕು ಜನ ಬರುವಂಥ ಮದುವೆ ಎಂದರೆ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಅವನಿಗೆ ಹೇಳಿಕಳಿಸುತ್ತಿದ್ದರು.

ವಿದ್ಯೆ ಇತ್ತು, ಇಲ್ಲ ಎನ್ನಬಾರದು. ಹತ್ತು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡು ಏಣಿ ಹತ್ತಿದನೆಂದರೆ, ಇಳಿಯುವಷ್ಟರಲ್ಲಿ ಚಪ್ಪರದ ಒಳಮೈಯೆಲ್ಲ ನೆರಿಗೆ. ಒಂದೊಂದು ನೆರಿಗೆಯೂ ಮೂರು ಬೆರಳಗಲ. ಟೇಪು ಹಿಡಿದು ಅಳೆದರೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಸಿಗದು. ಸೂಜಿ ಬಾಯಲ್ಲಿದ್ದಾಗಲೂ ಅವನ ಮಾತು ನಿಲ್ಲುತ್ತಿರಲಿಲ್ಲ ಎಂಬುದು ಬೇರೆ ವಿಷಯ. ಥರ್ಮಾಕೋಲಿನಲ್ಲಿ ಎರಡು ಹಂಸ ಕೊರೆದು, ನಡುವೆ ಗಂಡು ಹೆಣ್ಣಿನ ಹೆಸರನ್ನು ಮಿಂಚಿನ ಪುಡಿಯಲ್ಲಿ ಬರೆದು ನಿಲ್ಲಿಸುತ್ತಿದ್ದ. ಆ ಹಂಸಗಳ ಮುಂದೆ ನಿಂತು ಫೋಟೋ ಹೊಡೆಸಿಕೊಂಡವರ ಮಕ್ಕಳಿಗೇ ಈಗ ಮದುವೆಯ ವಯಸ್ಸು. ಅವನ ಅಪ್ಪ ಬೆನಕಪ್ಪ ತೆಂಗಿನ ಗರಿ, ಬಿದಿರು, ಮಾವಿನ ಸೊಪ್ಪಿನಲ್ಲಿ ಹಂದರ ಹಾಕುತ್ತಿದ್ದವನು. ಮಗ ಅದನ್ನು ಹಳ್ಳಿ ಕೆಲಸವೆಂದು ಮೂಗು ಮುರಿದು, ಮಿರಮಿರ ಮಿಂಚುವ ಸ್ಯಾಟಿನ್ ಬಟ್ಟೆ ತಂದ. ಅಪ್ಪ ಬೇಡವೆನ್ನಲಿಲ್ಲ, ಬೇಕೆಂದೂ ಹೇಳಲಿಲ್ಲ.

ಇಷ್ಟು ವರ್ಷ ಗುರುಸಂಗಪ್ಪನಿಗೆ ಹೊಟ್ಟೆಕಿಚ್ಚು ಎಂದರೇನೆಂದು ಗೊತ್ತಿರಲಿಲ್ಲ. ದೊಡ್ಡ ಮನಸ್ಸಿನವನೆಂದಲ್ಲ. ಕಿಚ್ಚು ಪಡುವಷ್ಟು ದೊಡ್ಡವರು ಸುತ್ತಮುತ್ತ ಯಾರೂ ಇರಲಿಲ್ಲ, ಅಷ್ಟೇ. ಮೂರು ವರ್ಷದ ಹಿಂದೆ ಅದು ಬಂದಾಗ ಮಾತ್ರ ಬಾಕಿಯೆಲ್ಲ ಸೇರಿಸಿಕೊಂಡು ಒಟ್ಟಿಗೇ ಬಂತು.

ಕೂಡ್ಲಿಗಿಯಲ್ಲಿ ದುರ್ಗಾ ಎಂಬ ಹೆಂಗಸು, ಮೂವತ್ತರ ಆಸುಪಾಸು. ಕೂಲಿನಾಲಿ ಮಾಡುವ ಮನೆತನ. ಮೊದಲು ಮದುವೆಗಳಿಗೆ ಹೂ ಕಟ್ಟಲು ಬರುತ್ತಿದ್ದಳು. ಒಂದು ಹಂಗಾಮು ಗುರುಸಂಗಪ್ಪನ ಕೈಕೆಳಗೇ ದುಡಿದಿದ್ದಳು. ಆಮೇಲೆ ಅವಳಿಗೆ ಅದೆಲ್ಲಿಂದ ಹೊಳೆಯಿತೋ, ಹಳ್ಳಿಹಳ್ಳಿ ತಿರುಗಿ "ಅಟ್ಟದ ಮ್ಯಾಲೆ ಏನೈತ್ರಿ, ಹಿತ್ತಲದಾಗ ಏನ್ ಬಿದ್ದೈತ್ರಿ" ಎಂದು ಕೇಳುತ್ತ ಹೊರಟಳು. ಮುರಿದ ಬಂಡಿಯ ಗಾಲಿ, ಗಾಜು ಒಡೆದ ಕಂದೀಲು, ಅಜ್ಜಿಯರು ಹೊಲಿದ ಕೌದಿ, ಮೊರ, ಬುಟ್ಟಿ, ಒನಕೆ, ತಗಡಿನ ಟ್ರಂಕು, ಉಬ್ಬಸ ಬಂದಂತೆ ಕರಕರ ಎನ್ನುವ ರೇಡಿಯೋ. ಜನ ನಕ್ಕು ಕೊಟ್ಟರು, ಮನೆ ಖಾಲಿಯಾಯಿತಲ್ಲ ಎಂದು. ಆರು ತಿಂಗಳಲ್ಲಿ ಅವೇ ಸಾಮಾನು ಮದುವೆಮನೆಯ ಅಂಗಳದಲ್ಲಿ ನಿಂತವು. ಗಾಲಿಗೆ ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದಿದ್ದಳು. ಕೌದಿಯನ್ನು ವೇದಿಕೆಯ ಹಿಂದೆ ಗೋಡೆಯ ಉದ್ದಕ್ಕೂ ಇಳಿಬಿಟ್ಟಿದ್ದಳು. ಬಾಗಿಲಿಗೆ ತೆನೆ ಸಮೇತ ಜೋಳದ ದಂಟು, ಮರದ ಕೊಂಬೆಗೆ ಸಾಲು ಕಂದೀಲು. ಕೊಟ್ಟವರೇ ಬಂದು "ಇದು ನಮ್ಮ ಮನೀದಲ್ಲೇನು!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು.

ಗುರುಸಂಗಪ್ಪ ಮೊದಲು ನಕ್ಕ. "ಗುಜರಿ ಅಂಗಡಿ ಇಟ್ಟಾಳ ನೋಡ್ರಿ" ಎಂದು ಅಂಗಡಿಯಲ್ಲಿ ಕೂತವರನ್ನೆಲ್ಲ ನಗಿಸಿದ. ಆಮೇಲೆ ನಗುವವರು ಕಡಿಮೆಯಾದರು. ಆಮೇಲೆ ಅವನೂ ನಿಲ್ಲಿಸಿದ. ಊಟವಾದ ಮೇಲೆ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಅವಳ ಸ್ಟೇಟಸ್ ನೋಡುವ ಚಟ ಹತ್ತಿತು. ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ, ಎಲ್ಲಾದರೂ ಹಗ್ಗ ಕಾಣುತ್ತದೆಯೇ, ಮೊಳೆ ಕಾಣುತ್ತದೆಯೇ ಎಂದು ಹುಡುಕುತ್ತಿದ್ದ. ಕಾಣುತ್ತಿರಲಿಲ್ಲ. ಹೆಂಡತಿ ಕೊಟ್ರಬಸಮ್ಮ ಹಾದು ಹೋಗುವಾಗ ಫೋನನ್ನು ಮಗುಚಿಡುತ್ತಿದ್ದ, ಹರೆಯದ ಹುಡುಗನ ಹಾಗೆ.

ಒಮ್ಮೆ ಕೊಟ್ಟೂರಿನಲ್ಲಿ ಅವಳು ಅಲಂಕಾರ ಮಾಡಿದ ಮದುವೆಗೆ ಕರೆಯಿಲ್ಲದೆ ಹೋಗಿಬಿಟ್ಟ. ಯಾರದೋ ಮದುವೆ, ಯಾರೂ ಗುರುತಿನವರಲ್ಲ. ಮೂಲೆ ಮೂಲೆ ಸುತ್ತಿದ. ಬೀಸುವ ಕಲ್ಲಿನ ಮೇಲೆ ಅರಿಸಿನ ಕುಂಕುಮದ ಬಟ್ಟಲು ಇಟ್ಟಿದ್ದಳು. ಬಂದ ಹೆಂಗಸರೆಲ್ಲ ಬಾಗಿ ಹಚ್ಚಿಕೊಳ್ಳುವಾಗ ಒಂದು ಸಲ ಕಲ್ಲನ್ನೂ ತಿರುಗಿಸಿ ನಗುತ್ತಿದ್ದರು. ಅವನು ಅಲ್ಲೇ ನಿಂತು ನೋಡಿದ. ತನ್ನ ಹಂಸಗಳನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಹೀಗೆ ಮುಟ್ಟಿ ನೋಡಿರಲಿಲ್ಲ. 'ಕೈ ಹಚ್ಚಬ್ಯಾಡ್ರಿ' ಎಂದು ಅವನೇ ಬೋರ್ಡು ಬರೆದು ಹಾಕಿದ್ದ.

ಮನೆಗೆ ಬಂದು ಹೆಂಡತಿಯ ಮುಂದೆ ಒಂದು ತಾಸು ದೂರಿದ. ಕಂದೀಲು ವಾಲಿದ್ದವಂತೆ, ಕೌದಿಯಲ್ಲಿ ಧೂಳಿತ್ತಂತೆ.

"ಊಟ ಹೆಂಗಿತ್ರಿ?" ಎಂದಳು ಕೊಟ್ರಬಸಮ್ಮ.

"ಹೋಳಿಗಿ ಚಲೋ ಇದ್ವು" ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡ.

"ಕರೀದ ಹೋಗಿ ಉಂಡೂ ಬಂದ್ರಿ ಅನ್ರಿ. ಆಕಿ ಮ್ಯಾಲೆ ಹೊಟ್ಟಿ ಉರ್ಕೊಂಡ್ರ ನಿಮ್ಮ ಹೊಟ್ಟಿನ ಸುಡೋದು, ತಿಳೀರಿ."

ಅವಳು ಹೇಳಿದ್ದು ನಿಜವೇ. ಆದರೆ ನಿಜ ಹೇಳಿದವರ ಮಾತನ್ನು ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಗುರುಸಂಗಪ್ಪನಿಗೆ ಮಕ್ಕಳಿಲ್ಲ. ಇರುವುದು ಒಬ್ಬಳೇ ತಂಗಿ ನಾಗಲಿಂಗಮ್ಮ, ಅವಳನ್ನು ಹಂಪಸಾಗರಕ್ಕೆ ಕೊಟ್ಟಿದೆ. ಅವಳಿಗೊಬ್ಬಳೇ ಮಗಳು ಸುಕನ್ಯಾ. ಹುಟ್ಟಿದಾಗಿನಿಂದ ಆ ಹುಡುಗಿ ಅವನ ಹೆಗಲ ಮೇಲೆಯೇ ಬೆಳೆದಳು. ಶಾಮಿಯಾನದ ಬಟ್ಟೆಯ ಗಂಟುಗಳ ಮೇಲೆ ಮಲಗುತ್ತಿದ್ದಳು, ಏಣಿಯ ಕೆಳಗೆ ನಿಂತು ಸೂಜಿ ಎತ್ತಿಕೊಡುತ್ತಿದ್ದಳು. "ನಿನ್ನ ಮದುವಿಗೆ ನೂರಾಒಂದು ಹಂಸ ಮಾಡ್ತೀನಿ ನೋಡವ್ವ" ಎಂದು ಅವನು ಹೇಳಿದಾಗಲೆಲ್ಲ ಕುಣಿಯುತ್ತಿದ್ದಳು. ಈಗ ಹರಪನಹಳ್ಳಿಯಲ್ಲಿ ಶಾಲೆಯ ಟೀಚರು. ತೆಲಿಗಿಯ ಹುಡುಗನೊಂದಿಗೆ ನಿಶ್ಚಯವಾಯಿತು. ಮದುವೆ ಹಂಪಸಾಗರದಲ್ಲಿ, ಮನೆಯ ಮುಂದಿನ ಅಂಗಳದಲ್ಲಿ. ಗುರುಸಂಗಪ್ಪ ಹಿಗ್ಗಿ ಹೋದ. ಹೊಸ ಗುಲಾಬಿ ಬಣ್ಣದ ಬಟ್ಟೆಯನ್ನೂ ತರಿಸಿದ.

ಸುಕನ್ಯಾ ಒಂದು ಭಾನುವಾರ ಬಂದಳು. ಚಹಾ ಕುಡಿದಳು, ಅತ್ತೆಯ ಜೊತೆ ಮಾತಾಡಿದಳು, ಫ್ಯಾನು ನೋಡಿದಳು, ಕ್ಯಾಲೆಂಡರು ನೋಡಿದಳು. ಕೊನೆಗೆ ಹೇಳಿದಳು.

"ಮಾವ, ಬ್ಯಾಸರ ಮಾಡ್ಕೋಬ್ಯಾಡ. ಮದುವಿ ಹಳೇ ಕಾಲದ ಹಂಗ ಮಾಡಬೇಕಂತ ನಂಗಾಸಿ. ದುರ್ಗಕ್ಕಗ ಹೇಳೀನಿ."

ಗುರುಸಂಗಪ್ಪ ಲೋಟ ಕೆಳಗಿಟ್ಟ. ನಗಲು ನೋಡಿದ, ಮೀಸೆ ಮಾತ್ರ ಅಲುಗಿತು. "ಮಾಡ್ಕೋ ಅವ್ವ. ನಿನ್ನ ಮದುವಿ, ನಿನ್ನಿಷ್ಟ" ಎಂದ. ಅವಳು ಕಣ್ಣು ತುಂಬಿಕೊಂಡು ಅವನ ಕೈ ಹಿಡಿದಳು. ಮಾವ ಎಷ್ಟು ದೊಡ್ಡ ಮನಸ್ಸಿನವನು ಎಂದುಕೊಂಡೇ ಬಸ್ಸು ಹತ್ತಿರಬೇಕು. ಇತ್ತ ಮಾವ ಗುಲಾಬಿ ಬಟ್ಟೆಯ ಗಂಟನ್ನು ಅಟ್ಟಕ್ಕೆ ಎಸೆದ. ಬೇರೆ ಯಾರ ಮನೆಯ ಮದುವೆ ಹೋದರೂ ತಡೆದುಕೊಳ್ಳುತ್ತಿದ್ದ. ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ಹುಡುಗಿಯನ್ನೇ ಕಿತ್ತುಕೊಂಡಳಲ್ಲ ಎಂದುಕೊಂಡ. ದುರ್ಗಾ ಕಿತ್ತುಕೊಂಡಿರಲಿಲ್ಲ, ಹುಡುಗಿಯೇ ಹೋಗಿ ಕರೆದದ್ದು. ಹೊಟ್ಟೆಕಿಚ್ಚಿಗೆ ಇಂಥ ಲೆಕ್ಕ ತಿಳಿಯುವುದಿಲ್ಲ.

ನಮ್ಮ ಕಡೆ ಹಂದರದ ಮೊದಲ ಕಂಬವನ್ನು ಹುಡುಗಿಯ ಸೋದರಮಾವ ನೆಡಬೇಕು. ಅದಾದ ಮೇಲೆಯೇ ಉಳಿದ ಕೆಲಸ. ಮದುವೆಗೆ ಐದು ದಿನವಿರುವಾಗ ಅವನು ಹೋದ. ಕಂಬಕ್ಕೆ ಅರಿಸಿನ ಹಚ್ಚಿ, ಹಸಿರು ಸೊಪ್ಪು ಕಟ್ಟಿ, ಗುಂಡಿ ತೋಡಿಸಿ ದುರ್ಗಾ ಕಾದಿದ್ದಳು.

"ಬರ್ರಿ ಅಣ್ಣಾರ. ನೀವು ನೆಟ್ಟ ಮ್ಯಾಲೇ ನಾವು ಕೈ ಹಚ್ಚೋದು" ಎಂದಳು. ನಿಜಕ್ಕೂ ಗೌರವದಿಂದಲೇ ಹೇಳಿದ್ದಳು. ಅವನಿಗೆ ಅದು ಚುಚ್ಚಿದಂತೆ ಕೇಳಿಸಿತು. ಕಂಬ ನೆಟ್ಟು, ಮಣ್ಣು ತುಳಿದು, ಕೈ ತೊಳೆಯದೆಯೇ ಬೈಕು ಹತ್ತಿದ. ತುಳಿಯುವಾಗ ಬೇಕಾದ್ದಕ್ಕಿಂತ ಜೋರಾಗಿಯೇ ತುಳಿದಿದ್ದ.

ಮದುವೆಯ ದಿನ ಬೆಳಿಗ್ಗೆ ಏಳಕ್ಕೆ ಗಂಡಹೆಂಡತಿ ಹಂಪಸಾಗರದಲ್ಲಿ ಇಳಿದರು. ಅಂಗಳ ನೋಡಿ ಕೊಟ್ರಬಸಮ್ಮ ನಿಂತಲ್ಲೇ ನಿಂತಳು. ಬೇವಿನ ಮರದ ತುಂಬ ಕಂದೀಲು. ಅತಿಥಿಗಳಿಗೆ ಕುರ್ಚಿಯ ಬದಲು ಹಗ್ಗದ ಹೊರಸುಗಳು, ಮೇಲೆ ಕೌದಿ. ಎಲೆ ಅಡಿಕೆ ಇಡಲು ಒಂದು ಕೂರಿಗೆ. ಬೀಜ ಹಾಕುವ ಅದರ ಬಟ್ಟಲಿನ ತುಂಬ ಅಡಿಕೆ, ಅಂಚಿಗೆಲ್ಲ ವೀಳ್ಯದೆಲೆ ಸಿಕ್ಕಿಸಿದ್ದಳು. ಹಂದರಕ್ಕೆ ತೆಂಗಿನ ಗರಿಯ ಹೆಣಿಗೆ, ಬೆನಕಪ್ಪ ಹಾಕುತ್ತಿದ್ದಂಥದ್ದೇ. ಅದರ ಕೆಳಗೆ ಒಂದು ಹುರಿಗೆ ಎರಡೂ ಮನೆಯ ಹಿರಿಯರ ಕಪ್ಪುಬಿಳುಪು ಫೋಟೋಗಳನ್ನು ತೂಗುಹಾಕಿದ್ದಳು. ಮೊದಲನೆಯದೇ ಬೆನಕಪ್ಪನದು, ಪಕ್ಕದಲ್ಲಿ ಹೆಂಡತಿ, ಇಬ್ಬರೂ ಕಣ್ಣು ಬಿಟ್ಟುಕೊಂಡು ಕಲ್ಲಿನಂತೆ ಕೂತ ಫೋಟೋ. ಬಂದವರೆಲ್ಲ ಅದರ ಮುಂದೆ ನಿಂತು, "ಬೆನಕಪ್ಪಜ್ಜ ಇವತ್ತು ಇರಬೇಕಿತ್ತು" ಎನ್ನುತ್ತಿದ್ದರು.

ಗುರುಸಂಗಪ್ಪನೂ ನಿಂತ. ಅಳು ಬರಬೇಕಾದ ಜಾಗದಲ್ಲಿ ಅವನಿಗೆ ಉರಿ ಬಂತು. ತನ್ನ ಅಪ್ಪ, ಅವಳ ಹಂದರದಲ್ಲಿ. ನೂರಾರು ಮದುವೆ ಮಾಡಿದ ತನಗೆ ಒಂದು ದಿನವೂ ಹೊಳೆಯದ್ದು ಈ ಹೂ ಕಟ್ಟುವವಳಿಗೆ ಹೊಳೆದಿತ್ತು. ತಂಗಿ ಬಂದು, "ಹೆಂಗೈತಣ್ಣ?" ಎಂದಳು. "ಬಿಸಿಲಿಗೆ ಗರಿ ಒಣಗಿ ಬೀಳ್ತಾವು ತಡಿ" ಎಂದ. ಪಾಪ, ಅವಳ ಮುಖ ಸಣ್ಣದಾಯಿತು.

ಅಂಗಳದ ಬಾಗಿಲಲ್ಲಿ ಎರಡೂ ಕಡೆ ದೊಡ್ಡ ಹಳೆಯ ತಾಮ್ರದ ಕೊಡಗಳಿದ್ದವು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಫಳಫಳ ಮಾಡಿದ್ದಳು. ಅಲುಗಬಾರದೆಂದು ಮರಳು ತುಂಬಿದ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಮಾವಿನೆಲೆ ಸುತ್ತಿ, ತುಂಬಿದ ನೀರಿನ ಮೇಲೆ ಸೇವಂತಿಗೆಯ ಎಸಳು ತೇಲಿಬಿಟ್ಟಿದ್ದಳು. ಬೀಗರು ತುಂಬಿದ ಕೊಡಗಳ ನಡುವೆ ನಡೆದು ಒಳಗೆ ಬರಲಿ ಎಂದು. ಯೋಚನೆ ಚಂದವೇ ಇತ್ತು.

ಎಂಟು ಗಂಟೆಯ ಹೊತ್ತಿಗೆ ಗುರುಸಂಗಪ್ಪ ತಪ್ಪು ಹುಡುಕುತ್ತ ಅಲ್ಲಿಗೂ ಬಂದ. ಎಡಗಡೆಯ ಕೊಡದಲ್ಲಿ ಬಗ್ಗಿ ನೋಡಿದ, ನೀರಿನ ಮೇಲೆ ಹೂವು. ಬಲಗಡೆಯದರಲ್ಲಿ ಬಗ್ಗಿದ. ಹೂವು ಕೆಳಗೆಲ್ಲೋ ಇತ್ತು. ಕೈ ಇಳಿಬಿಟ್ಟ. ತಳಕ್ಕೆ ಎಸಳು ಅಂಟಿದ್ದವು, ತೊಟ್ಟು ನೀರಿಲ್ಲ. ಹಳೆಯ ಕೊಡ, ಬೆಸುಗೆ ಬಿಟ್ಟಿದೆ. ಸೋರಿದ ನೀರನ್ನೆಲ್ಲ ಮರಳು ಕುಡಿದಿತ್ತು, ಹೊರಗೊಂದು ಹನಿಯೂ ಕಾಣದು.

ಬೀಗರ ಎದುರಿಗೆ ಖಾಲಿ ಕೊಡ! ನಮ್ಮಲ್ಲಿ ದಾರಿಯಲ್ಲಿ ಯಾರೋ ಖಾಲಿ ಕೊಡ ಹಿಡಿದು ಎದುರಾದರೂ ಹೊರಟವರು ಒಳಗೆ ಬಂದು ಒಂದು ಗಳಿಗೆ ಕೂತು ಹೋಗುತ್ತಾರೆ. ಒಂದು ಬಿಂದಿಗೆ ನೀರು ತಂದು ಸುರಿದು, ಬೇರೆ ಕೊಡ ಇಡಿ ಎಂದು ಕೂಗಿದ್ದರೆ ಮುಗಿಯುತ್ತಿತ್ತು. ದುರ್ಗಾ ಹತ್ತು ಹೆಜ್ಜೆಯಾಚೆ ಏಣಿಯ ಮೇಲಿದ್ದಳು. ಗುರುಸಂಗಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡ. ಸುತ್ತ ನೋಡಿದ. ಮೂರು ವರ್ಷದಿಂದ ಹುಡುಕಿದ ತಪ್ಪು ಸಿಕ್ಕಿತ್ತು. ಐದು ತಾಲ್ಲೂಕಿನ ಜನದ ಮುಂದೆ ಅವಳ ಮುಖಕ್ಕೆ ಮಸಿ ಬೀಳುತ್ತದೆ, ಆಮೇಲೆ ಯಾರು ಕರೆಯುತ್ತಾರೋ ನೋಡೋಣ ಎಂದುಕೊಂಡು, ತುಟಿ ಪಿಟಕ್ಕೆನ್ನದೆ ಹೋಗಿ ಹೊರಸಿನ ಮೇಲೆ ಕೂತ. ಚಹಾ ಕೊಟ್ಟರು, ಕುಡಿದ. ಅಂದು ಬೆಳಿಗ್ಗೆಯಿಂದ ಅವನ ಬಾಯಿಗೆ ರುಚಿಸಿದ್ದು ಅದೊಂದೇ ಚಹಾ.

ಒಂಬತ್ತಕ್ಕೆ ತೆಲಿಗಿಯ ಬಸ್ಸು ಬಂತು. ಬ್ಯಾಂಡು ಬಾರಿಸಿದರು. ನಾಗಲಿಂಗಮ್ಮ ಆರತಿ ಹಿಡಿದು ಬಾಗಿಲಿಗೆ ಬಂದಳು. ಬೀಗರ ಮುಂದೆ ಮುಂದೆ ಗಂಡಿನ ಸೋದರತ್ತೆ ದ್ಯಾಮಕ್ಕ. ಎಪ್ಪತ್ತರ ಮುದುಕಿ, ಕಣ್ಣು ಮಾತ್ರ ಇಪ್ಪತ್ತರದು. ಹೊಳೆಯುವ ತಾಮ್ರ ಕಂಡು, "ಎಷ್ಟ್ ಚಂದ ತಿಕ್ಯಾರ ನೋಡ್ರೇ" ಎನ್ನುತ್ತ ಬಲಗಡೆಯ ಕೊಡದ ಬಾಯಿಗೆ ಕೈ ಹಾಕಿ ಇಣುಕಿದಳು. ಅಲ್ಲಿಗೇ ನಿಂತಳು.

"ಬ್ಯಾಂಡ್ ನಿಲ್ಲಸ್ರಿ."

ನಿಂತಿತು.

"ಖಾಲಿ ಕೊಡ ಇಟ್ಟು ಬೀಗರ್ನ ಕರಿಯೋದು ಯಾವ ಊರ ಪದ್ಧತಿರಿ? ನಮ್ಮ ಹುಡುಗನ ಬಾಳು ಖಾಲಿ ಆಗ್ಲಿ ಅಂತೇನು?"

ಗುರುಸಂಗಪ್ಪ ಎದ್ದು ನಿಂತು, ದುರ್ಗಾಳ ಕಡೆ ನೋಡಿದ. ಇನ್ನೇನು ಎಲ್ಲರೂ ಅವಳ ಕಡೆ ತಿರುಗುತ್ತಾರೆ ಎಂದು ಕಾದ. ಒಬ್ಬರೂ ತಿರುಗಲಿಲ್ಲ. ತೆಲಿಗಿಯವರಿಗೆ ಅಲಂಕಾರದವರು ಯಾರೆಂದು ಏನು ಗೊತ್ತು? ಅವರ ಪಾಲಿಗೆ ಹಂದರ ಎಂದರೆ ಹೆಣ್ಣಿನ ಮನೆ, ಕೊಡ ಎಂದರೆ ಹೆಣ್ಣಿನ ತಾಯಿ. ಬಸ್ಸಿನಿಂದ ಇಳಿದ ಎಂಬತ್ತು ಜನವೂ ನಾಗಲಿಂಗಮ್ಮನನ್ನು ನೋಡುತ್ತಿದ್ದರು. ಇಷ್ಟು ಸಣ್ಣ ವಿಷಯ ಮೂವತ್ತು ವರ್ಷ ಮದುವೆಮನೆಯಲ್ಲೇ ಬದುಕಿದವನಿಗೆ ಹೊಳೆದಿರಲಿಲ್ಲ. ಅವನ ಕಣ್ಣಿಗೆ ಆ ಅಂಗಳದಲ್ಲಿ ಬೆಳಗಿನಿಂದ ಕಂಡದ್ದು ಒಬ್ಬಳೇ ಹೆಂಗಸು.

ನಾಗಲಿಂಗಮ್ಮ ಮುದುಕಿಯ ಮುಂದೆ ಬಂದಳು. "ತಪ್ಪಾತ್ರಿ, ಗೊತ್ತಾಗಲಿಲ್ರಿ, ನಿಮ್ಮ ಕಾಲಿಗೆ ಬೀಳ್ತೀನ್ರಿ" ಎನ್ನುತ್ತ, ತಟ್ಟೆ ಹಿಡಿದೇ ಬಗ್ಗಿದಳು. ಗಂಡಿನ ಕಡೆಯವನೊಬ್ಬ, "ತಿರುಗಿ ಬಸ್ ಹತ್ರಿ" ಎಂದದ್ದೂ ಕೇಳಿಸಿತು. ಗುರುಸಂಗಪ್ಪ ಒಂದು ಹೆಜ್ಜೆ ಮುಂದಿಟ್ಟು ನಿಂತ. ಬಾಯಿ ತೆರೆದರೆ ಏನು ಹೇಳಬೇಕು? ನೋಡಿದ್ದೆ ಎಂದೇ?

ಏಣಿಯಿಂದ ಇಳಿದು ದುರ್ಗಾ ಓಡಿ ಬಂದಳು. ತಲೆತುಂಬ ಸೆರಗು ಹೊದ್ದು, ದ್ಯಾಮಕ್ಕನ ಮುಂದೆ ನೆಲದ ಮೇಲೆ ಕೂತೇಬಿಟ್ಟಳು.

"ಅಮ್ಮಾರ, ಇದು ಹೆಣ್ಣಿನ ಮನಿಯವರ ತಪ್ಪಲ್ರಿ, ನಂದು. ಮುಂಜಾನಿ ನಾನ ತುಂಬೀನಿ, ಹಳೇ ಕೊಡ, ಸೋರೇತಿ, ನಾನ ಹೊಳ್ಳಿ ನೋಡಲಿಲ್ಲ. ಬೈಯೋದಿದ್ರ ನನಗ ಬೈರಿ. ಈ ತಾಯಿ ಕಣ್ಣಾಗ ನೀರು ತರಿಸಬ್ಯಾಡ್ರಿ ಮದುವಿ ದಿನ."

ಹೇಳಿ ಸುಮ್ಮನೆ ಕೂರಲಿಲ್ಲ. ಐದು ಜನ ಮುತ್ತೈದೆಯರನ್ನು ಕರೆದು, ಅಡುಗೆ ಮನೆಯ ಹಂಡೆಯಿಂದ ಬಿಂದಿಗೆ ತುಂಬಿಸಿದಳು. ಸೋರುವ ಕೊಡವನ್ನು ಎತ್ತಿಸಿ, ಒಳಗಿನಿಂದ ಇನ್ನೊಂದನ್ನು ತರಿಸಿ ಕೂರಿಸಿ, "ನಿಮ್ಮ ಕೈಯಿಂದನ ತುಂಬ್ರಿ ಅಮ್ಮಾರ, ಹುಡುಗ ಹುಡುಗಿ ಬಾಳು ತುಂಬ್ಲಿ" ಎಂದು ಮೊದಲ ಬಿಂದಿಗೆಯನ್ನು ದ್ಯಾಮಕ್ಕನ ಕೈಗೇ ಕೊಟ್ಟಳು. ಮುದುಕಿ ಒಂದು ಗಳಿಗೆ ದುರುಗುಟ್ಟಿದಳು. ಆಮೇಲೆ ಸೆರಗು ಸಿಕ್ಕಿಸಿ ನೀರು ಸುರಿದಳು. ಕೊಡ ತುಂಬಿ ಹೊರಗೆ ಚೆಲ್ಲಿತು. "ಗಟ್ಟಿ ಹೆಂಗಸಿದ್ದೀಯವ" ಎಂದು ದುರ್ಗಾಳ ಬೆನ್ನು ತಟ್ಟಿ ಒಳಗೆ ನಡೆದಳು. ಬ್ಯಾಂಡು ಮತ್ತೆ ಶುರುವಾಯಿತು.

ಅರ್ಧ ತಾಸಿನಲ್ಲಿ ಹೊರಸುಗಳ ಮೇಲೆಲ್ಲ ದುರ್ಗಾಳದೇ ಮಾತು. ಎಂಥ ಧೈರ್ಯ, ಎಂಥ ಸಮಯಪ್ರಜ್ಞೆ. ಗುರುಸಂಗಪ್ಪನಿಗೆ ಅದೂ ಉರಿಯಿತು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ, ಆದರೆ ಅದರ ಪಕ್ಕದಲ್ಲೇ ಕಿಚ್ಚೂ ಕೂತಿತ್ತು, ಎದ್ದು ಹೋಗಲೊಲ್ಲದು. ತಪ್ಪು ಮಾಡಿದವಳಿಗೆ ಹೊಗಳಿಕೆ, ಅದನ್ನು ಕಂಡುಹಿಡಿದವನು ಮೂಲೆಯಲ್ಲಿ.

ಮುಹೂರ್ತ ಬಂತು. ಹುಡುಗಿಯನ್ನು ಕೋಣೆಯಿಂದ ಮಂಟಪಕ್ಕೆ ಸೋದರಮಾವನೇ ಕೈ ಹಿಡಿದು ಕರೆತರಬೇಕು. ಅವನು ಹೋಗಿ ಬಾಗಿಲಲ್ಲಿ ನಿಂತ. ಸುಕನ್ಯಾ ಬಾಸಿಂಗ ಕಟ್ಟಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಎದ್ದು ಬಂದು ಕೈ ಕೊಟ್ಟಳು. ತಣ್ಣಗಿತ್ತು. ಆ ಕಿಟಕಿಯಿಂದ ಅಂಗಳದ ಬಾಗಿಲು ನೇರ ಕಾಣುತ್ತದೆ ಎಂದು ಅವನಿಗೆ ಆಗ ಗೊತ್ತಾಯಿತು.

ಹೊರಗೆ ಜನ ಅಕ್ಕಿಕಾಳು ಹಿಡಿದು ನಿಂತಿದ್ದರು. ಇಬ್ಬರೂ ಗರಿಯ ಹಂದರದ ಕೆಳಗೆ ಮೆಲ್ಲಗೆ ನಡೆದರು. ಅವಳು ತಲೆ ತಗ್ಗಿಸಿಯೇ, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದಳು.

"ಮಾವ, ನೀನು ಕೊಡದಾಗ ಕೈ ಹಾಕಿದ್ದು ನೋಡ್ದೆ. ನೀರಿಲ್ಲಂತ ನಿನಗ ಗೊತ್ತಿತ್ತಲ್ಲ?"

ಸುಳ್ಳು ಅವನ ನಾಲಿಗೆಯ ತುದಿಯವರೆಗೂ ಬಂತು. ಹಿಡಿದ ಕೈಯನ್ನು ನೋಡಿ ಹೇಳಲಾಗಲಿಲ್ಲ.

"ಗೊತ್ತಿತ್ತವ್ವ."

ಮಂಟಪದ ಮೆಟ್ಟಿಲು ಬಂದಾಗ ಅವಳು ಕೈ ಬಿಡಿಸಿಕೊಂಡಳು.

"ಇದು ದುರ್ಗಕ್ಕನ ಮದುವಿ ಅಲ್ಲ ಮಾವ. ನಂದು."